ಕುಳಿತು ಓದಿದರೆ ನಾಟಕವಲ್ಲ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಆ ವರ್ಷ ನಾನು ಎಂಟನೆಯ ತರಗತಿಯಲ್ಲಿದ್ದೆನೋ ಒಂಬತ್ತನೆಯದರಲ್ಲೋ ಎಂದು ಅವ್ವನಿಗೂ ನನಗೂ ಇವತ್ತಿಗೂ ವಾದವಿದೆ. ಆ ವರ್ಷ ನಾಟಕಕ್ಕೆ ಬಂದ ನಟಿ ಉಟ್ಟಿದ್ದ ಸೀರೆ ಕೆಂಪು ಎಂದು ಇಷ್ಟು ದಿನ ನಂಬಿದ್ದೆ. ಮೊನ್ನೆ ಹಳೆಯ ಡೈರಿ ತೆಗೆದು ನೋಡಿದರೆ ನಾನೇ ‘ಹಸಿರು ಇಳಕಲ್ ಸೀರೆ’ ಎಂದು ಬರೆದಿದ್ದೇನೆ. ಆ ಡೈರಿಯಾದರೂ ಘಟನೆ ನಡೆದು ಏಳೆಂಟು ವರ್ಷವಾದ ಮೇಲೆ, ಧಾರವಾಡದಲ್ಲಿ ಎಂ.ಎ. ಓದುವಾಗ ಬರೆದದ್ದು. ಆದ್ದರಿಂದ ನಾನು ಹೇಳುವ ಬಣ್ಣಗಳನ್ನು ನಂಬಬೇಡಿ. ಮಾತುಗಳನ್ನು ನಂಬಬಹುದು, ಮಾತು ನೆನಪಿಡುವುದೇ ನನ್ನ ಕಸುಬು. ಆದರೂ ಒಂದು ಮಾತಿನ ಬಗ್ಗೆ ನನಗೆ ಖಾತ್ರಿಯಿಲ್ಲ. ಇದನ್ನು ಬರೆಯುತ್ತಿರುವುದು ಅದಕ್ಕೇ.

ಹೋದ ವರ್ಷ ನಾನು ಕೆಲಸ ಮಾಡುವ ವಾಹಿನಿಯವರು ಒಂದು ಕಾರ್ಯಕ್ರಮ ಮಾಡಿದರು. ಧಾರಾವಾಹಿಯ ನಟ ನಟಿಯರು ಒಬ್ಬೊಬ್ಬರಾಗಿ ವೇದಿಕೆಗೆ ಬಂದು ತಮ್ಮ ಕಷ್ಟದ ದಿನಗಳನ್ನು ಹೇಳಬೇಕು, ಅಳಬೇಕು. ನನ್ನ ಬಾಲ್ಯದ ಬಗ್ಗೆ ಅವರೊಂದು ಚಿಕ್ಕ ಚಿತ್ರ ತಯಾರಿಸಿದ್ದರು. ಬಿದ್ದ ಮಣ್ಣಿನ ಗೋಡೆ, ಕಂದೀಲು, ತಲೆಯ ಮೇಲೆ ಕೊಡ ಹೊತ್ತ ಹುಡುಗಿ. ನಮ್ಮದು ಕಲ್ಲಿನ ಮನೆ. ಕರೆಂಟಿತ್ತು. ನಳ ಬಾಗಿಲ ಮುಂದೆಯೇ ಇತ್ತು. ಕಥೆ ಬರೆದುಕೊಳ್ಳಲು ಬಂದವಳಿಗೆ ಎರಡೆರಡು ಸಲ ಹೇಳಿದೆ, ನಮಗೆ ಊಟಕ್ಕೆ ಕೊರತೆಯಿರಲಿಲ್ಲ ಎಂದು.

‘ಹಾಗಾದ್ರೆ ಸ್ಟ್ರಗಲ್ ಎಲ್ಲಿದೆ ಮೇಡಂ?’ ಎಂದಳು.

ಅವಳ ಪಟ್ಟಿಯಲ್ಲಿ ಹಸಿವಿತ್ತು, ಸೋರುವ ಮಾಳಿಗೆಯಿತ್ತು, ಕುಡುಕ ಅಪ್ಪನಿದ್ದ. ನನ್ನದು ಆ ಪಟ್ಟಿಯಲ್ಲಿರಲಿಲ್ಲ.

ನಮ್ಮೂರು ಯಲಬುರ್ಗಾದಿಂದ ಕುಕನೂರಿಗೆ ಹೋಗುವ ದಾರಿಯಲ್ಲಿದೆ. ಅಪ್ಪ ಕಾಮಾಲೆಯಾಗಿ ತೀರಿಕೊಂಡಾಗ ನಾನು ಮೂರನೆಯ ತರಗತಿ. ಅಲ್ಲಿಂದ ಮುಂದೆ ಅವ್ವ ಮತ್ತು ನಾನು ಅಪ್ಪನ ತಮ್ಮನ ಆಸರೆಯ ಮಂದಿ. ಅವನನ್ನು ನಾನು ಕಾಕಾ ಎನ್ನುತ್ತೇನೆ. ಮನೆ ಅದೇ, ಒಲೆ ಅದೇ. ಆದರೆ ಅವ್ವ ಈಗ ಎಷ್ಟು ರೊಟ್ಟಿ ಬಡಿಯಲಿ ಎಂದು ಕೇಳಿ ಹಿಟ್ಟು ನಾದುತ್ತಿದ್ದಳು. ಕಾಕಾ ಕೆಟ್ಟವನಾಗಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ತಡೆಯುತ್ತೇನೆ. ನನ್ನ ಶಾಲೆಯ ಖರ್ಚನ್ನು ಅವನೇ ನೋಡಿಕೊಂಡ, ಅದು ನಿಜ. ಪ್ರತಿ ಜೂನ್ ಬಂದಾಗ ‘ಈ ವರ್ಸ ಒಂದ ಸಾಲಿಗೆ ಹೋಗಲಿ, ಮುಂದಿಂದು ಮುಂದ ನೋಡೂಣು’ ಎಂದು ಅವ್ವನಿಗೆ ಹೇಳುತ್ತಿದ್ದ, ಅದೂ ನಿಜ. ನನ್ನ ಓದು ವರ್ಷ ವರ್ಷವೂ ನವೀಕರಿಸಬೇಕಾದ ಪರವಾನಿಗೆಯಂತಿತ್ತು.

ಕಾಕಾನಿಗೆ ನಾಟಕದ ಹುಚ್ಚು. ನಮ್ಮ ಕಡೆ ಊರ ಗಂಡಸರೇ ಕೂಡಿ ಉಗಾದಿಗೊಂದು ನಾಟಕ ಆಡುತ್ತಾರೆ. ಗಿರಣಿಯವನು ಖಳನಾಯಕ, ಮಾಸ್ತರರು ಮುದಿ ತಂದೆ, ಕಾಕಾ ಯಾವಾಗಲೂ ನಾಯಕ. ಪರದೆ ಮತ್ತು ಉಡುಪು ಬಾಡಿಗೆಗೆ ಬರುತ್ತವೆ. ಹೆಣ್ಣು ಪಾತ್ರಕ್ಕೆ ಗದಗಿನಿಂದಲೋ ಗಂಗಾವತಿಯಿಂದಲೋ ಅದೇ ವೃತ್ತಿಯ ನಟಿಯರನ್ನು ಕರೆಸುತ್ತಾರೆ. ಅವರು ಬಂದಿಳಿಯುವುದು ನಾಟಕದ ದಿನವೇ. ಅದಕ್ಕೂ ಮೊದಲು ಒಂದೂವರೆ ತಿಂಗಳು ತಾಲೀಮು. ಅಷ್ಟು ದಿನವೂ ಗಂಡಸರು ಪ್ರೀತಿಸುವುದು, ಅನುಮಾನಪಡುವುದು, ಹೆಂಡತಿಯನ್ನು ಮನೆಯಿಂದ ಹೊರಹಾಕುವುದು ಎಲ್ಲವೂ ಖಾಲಿ ಜಾಗದ ಜೊತೆ. ಆ ಖಾಲಿ ಜಾಗದಿಂದ ಯಾರಾದರೂ ಉತ್ತರ ಕೊಡಬೇಕಲ್ಲ. ಹನ್ನೊಂದನೆಯ ವಯಸ್ಸಿನಿಂದ ಅದು ನನ್ನ ಕೆಲಸವಾಯಿತು, ಏಕೆಂದರೆ ನಾನು ತಡವರಿಸದೆ ಓದುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಶಾಲೆಯ ಕೋಣೆಯಲ್ಲಿ ತಾಲೀಮು ಶುರುವಾಗುತ್ತಿತ್ತು. ಹಾರ್ಮೋನಿಯಂ ಪಕ್ಕದಲ್ಲಿ ಚಾಪೆ, ಚಾಪೆಯ ಮೇಲೆ ನಾನು, ತೊಡೆಯ ಮೇಲೆ ನಾಟಕದ ನೋಟುಬುಕ್ಕು. ಕಾಕಾನದು ಒಂದೇ ನಿಯಮ.

‘ಕುಂತ ಓದಬೇಕು. ನಿಂತ ಮಾತಾಡಿದಿ ಅಂದ್ರ ಅದು ಪಾತ್ರ ಆಕ್ಕೈತಿ. ನಮ್ಮ ಮನಿತನದಾಗ ಹೆಣಮಕ್ಕಳು ಪಾತ್ರ ಮಾಡಂಗಿಲ್ಲ.’

ಕುಳಿತರೆ ಓದು, ನಿಂತರೆ ನಾಟಕ. ಇಡೀ ಊರು ಇದನ್ನು ಒಪ್ಪಿತ್ತು. ನಾನೂ ಒಪ್ಪಿದ್ದೆ. ಕಾಕಾ ‘ನಿನ್ನನ್ನಗಲಿ ನಾನು ಬಾಳಲಾರೆ ನಲ್ಲೆ’ ಎನ್ನುವಾಗ ನನ್ನನ್ನು ನೋಡುತ್ತಿರಲಿಲ್ಲ, ನನ್ನ ತಲೆಯ ಮೇಲಿನ ಭಾರತದ ನಕಾಶೆಯನ್ನು ನೋಡುತ್ತಿದ್ದ. ನಾನು ನೋಟುಬುಕ್ಕಿನಿಂದ ಕಣ್ಣೆತ್ತದೆ ‘ಈ ಜೀವ ನಿಮ್ಮದೇ ನಲ್ಲ’ ಎನ್ನುತ್ತಿದ್ದೆ. ಬಾಯಲ್ಲಿ ಚುರುಮುರಿ ಇರುತ್ತಿತ್ತು.

‘ಏನ್ ತಂಗಿ, ವಿಷ ಕುಡದ ಸಾಯಾಕತ್ತಿ, ಬಾಯಾಗ ಚುರುಮುರಿ ಕರುಕುರು ಅನ್ನಾಕತ್ತಾವಲ್ಲ’ ಎಂದು ಗಿರಣಿಯವನು ಕಾಡಿಸುತ್ತಿದ್ದ.

‘ಉಪವಾಸ ಸತ್ರ ಪಾಪ ಬರತೈತ್ರಿ’ ಎಂದು ನಾನು ಅಂದಿದ್ದೆನಂತೆ. ಅಂದದ್ದು ನನಗೆ ನೆನಪಿಲ್ಲ. ಅದನ್ನು ಅವನು ಇಂದಿಗೂ ಹೇಳಿ ನಗುತ್ತಾನೆ.

ಆ ವರ್ಷ, ಎಂಟೋ ಒಂಬತ್ತೋ, ನಾಯಕಿಯ ಪಾತ್ರಕ್ಕೆ ಗಂಗಾವತಿಯಿಂದ ಒಬ್ಬಾಕೆ ಬಂದಳು. ಹಿಂದಿನ ಎರಡು ವರ್ಷವೂ ಆಕೆಯೇ ಬಂದಿದ್ದಳು. ನಾವು ಆಕೆಯನ್ನು ಅಕ್ಕಾರ ಎನ್ನುತ್ತಿದ್ದೆವು. ಮಧ್ಯಾಹ್ನದ ಬಸ್ಸಿಗೆ ಕಬ್ಬಿಣದ ಟ್ರಂಕು ಹಿಡಿದು ಇಳಿದಳು. ಅವ್ವ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ತಾಟು ಮಾತ್ರ ಬೇರೆ, ಜಾಗ ಹೊರಗಿನ ಕಟ್ಟೆ. ಅಕ್ಕಾರ ಉಂಡು, ತಾಟನ್ನು ತಾನೇ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿದಳು. ಎಲ್ಲಿ ಹಾಕಬೇಕು ಎಂದು ಕೇಳಲಿಲ್ಲ. ಪ್ರತಿ ಊರಿನಲ್ಲೂ ತಾಟು ಬೋರಲು ಹಾಕುವ ಕಟ್ಟೆ ಎಲ್ಲಿರುತ್ತದೆ ಎಂದು ಆಕೆಗೆ ಗೊತ್ತಿತ್ತು.

ಕಾಕಾ ಬಂದು ಮಾತಾಡಿಸಿದಾಗ ಗೊತ್ತಾಯಿತು, ಆಕೆಯ ಧ್ವನಿಯೇ ಹೋಗಿತ್ತು. ಮೂರು ದಿನ ಮೂರು ಊರಿನಲ್ಲಿ ನಾಟಕ ಮಾಡಿ ಬಂದಿದ್ದಳು. ಬಾಯಿ ತೆರೆದರೆ ಬರೀ ಗಾಳಿ. ಅಜಿವಾನ ಜಗಿದಳು, ಬಿಸಿನೀರು ಕುಡಿದಳು. ಸಂಜೆಯಾಗುತ್ತ ಬಂದರೂ ಪಿಸುಮಾತಿಗಿಂತ ಹೆಚ್ಚಿನದು ಬರಲಿಲ್ಲ. ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಜನ ಬಂದು ಕೂತಿದ್ದರು.

ಆಗ ಯಾರೋ ನನ್ನ ಹೆಸರು ಹೇಳಿದರು. ಎಲ್ಲ ಮಾತೂ ನನಗೆ ಬಾಯಿಪಾಠ. ಪರದೆಯ ಮಗ್ಗುಲಲ್ಲಿ ಇನ್ನೊಂದು ಮೈಕು ಇಟ್ಟು ನಾನು ಮಾತಾಡುವುದು, ರಂಗದ ಮೇಲೆ ಅಕ್ಕಾರ ತುಟಿ ಆಡಿಸುವುದು. ನನ್ನ ನೆನಪಿನಲ್ಲಿ ಕಬ್ಬಿಣದ ಕುರ್ಚಿ ತಂದಿಟ್ಟವನು ಕಾಕಾ. ಮೈಕು ನನ್ನ ಕೈಗೆ ಕೊಟ್ಟವನೂ ಕಾಕಾ. ‘ಕುಂತ ಓದು, ಏನೂ ಆಗಂಗಿಲ್ಲ’ ಎಂದ. ಅವನ ಮುಖಕ್ಕೆ ಆಗಲೇ ಗುಲಾಬಿ ಬಣ್ಣ ಹಚ್ಚಿದ್ದರು.

ಅಕ್ಕಾರ ನನ್ನ ಮುಂದೆ ಮೊಣಕಾಲೂರಿ ಕೂತು, ಕಿವಿಗೆ ಬಾಯಿಟ್ಟು ಹೇಳಿದಳು: ‘ನಾ ಕೈ ಎತ್ತಿದಾಗ ಮಾತು ಹಿಡಿ, ತಂಗಿ. ನಾ ಅಳಾಕ ಹತ್ತಿದ್ರ ನೀ ಸುಮ್ಮನಾಗು. ಅಳಾಕ ನನಗ ದನಿ ಬೇಕಾಗಂಗಿಲ್ಲ.’

ಮೊದಲ ಅಂಕ ಹಾಗೇ ಹೋಯಿತು. ಎರಡನೆಯ ಅಂಕದಲ್ಲಿ ನಾಯಕ ಹೆಂಡತಿಯನ್ನು ಹೊರಹಾಕುವಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ. ಕೂತು ಹೇಳಲಾಗದ ಮಾತು ಅದು.

ನಮ್ಮ ಜಾಣತನದಲ್ಲಿ ಒಂದು ತೂತಿತ್ತು. ಪ್ರತಿದಿನ ಬೆಳಿಗ್ಗೆ ಶಾಲೆಯ ಮೈಕಿನಲ್ಲಿ ಪ್ರಾರ್ಥನೆ ಹೇಳುತ್ತಿದ್ದವಳು ನಾನೇ. ಊರು ನನ್ನ ಧ್ವನಿ ಕೇಳಿಯೇ ಚಹಾಕ್ಕಿಡುತ್ತಿತ್ತು. ‘ಇದು ಸಾಲ್ಯಾಗ ಪ್ರಾರ್ಥನಾ ಹೇಳೂ ಹುಡುಗಿ ದನಿ ಅಲ್ಲನ?’ ಎಂದು ಮೊದಲು ಯಾರಂದರೋ. ಬೆಳಗಾಗುವಷ್ಟರಲ್ಲಿ ನೀರಿಗೆ ನಿಂತ ಹೆಂಗಸರು ಆಡಿಕೊಳ್ಳುತ್ತಿದ್ದರು: ‘ಕಾಕಾ ನಲ್ಲೆ ಅಂದನಂತ, ಅಣ್ಣನ ಮಗಳು ನಲ್ಲ ಅಂದಳಂತ.’ ತಾಲೀಮಿನಲ್ಲಿ ನಾಲ್ಕು ವರ್ಷ ಅದೇ ಮಾತನ್ನು ಅಂದಿದ್ದೆ. ಆಗ ಯಾರಿಗೂ ಹೇಸಿಗೆಯಾಗಿರಲಿಲ್ಲ.

ಬೆಳಿಗ್ಗೆ ಹನುಮಪ್ಪನ ಗುಡಿಯ ಕಟ್ಟೆಗೆ ಹಿರಿಯರು ಬಂದು ಕೂತರು. ಅಕ್ಕಾರ ಬಸ್ಸಿಗೆ ಕಾಯುತ್ತ ಟ್ರಂಕಿನ ಮೇಲೆ ಕೂತಿದ್ದಳು. ಕಾಕಾ ಕಟ್ಟೆಯ ಅಂಚಿನಲ್ಲಿದ್ದ, ಕಿವಿಯ ಹಿಂದೆ ಇನ್ನೂ ಬಣ್ಣವಿತ್ತು. ಅವ್ವ ಸೆರಗು ಹೊದ್ದು ದೂರ ನಿಂತಿದ್ದಳು. ಬಾಡಿಗೆ ಪರದೆಯವನು ಪಕ್ಕದಲ್ಲೇ ಪರದೆ ಸುತ್ತುತ್ತಿದ್ದ. ಸುತ್ತಲಿನ ಹಳ್ಳಿಗಳಿಗೆ ನಟಿಯರನ್ನು ಗೊತ್ತು ಮಾಡಿಕೊಡುತ್ತಿದ್ದವನೂ ಅವನೇ.

ಹಿರಿಯರಲ್ಲೊಬ್ಬರು ನನ್ನನ್ನು ಮೆತ್ತಗೆ ಕೇಳಿದರು. ‘ಯವ್ವಾ, ಅಂಜಬ್ಯಾಡ. ನಿನ್ನ ಕೈಯಾಗ ಮೈಕ್ ಕೊಟ್ಟಾವರು ಯಾರು?’

ನಾನು ‘ಅಕ್ಕಾರು’ ಎಂದೆ.

ಅಕ್ಕಾರ ಎದ್ದು ನಿಂತು ಬಾಯಿ ತೆರೆದಳು. ಗಾಳಿ ಬಂತು. ಮತ್ತೆ ಪ್ರಯತ್ನಿಸಿದಳು. ಕತ್ತಿನ ನರ ಉಬ್ಬಿದವು. ಹಿಂದಿನಿಂದ ಯಾರೋ ‘ಇನ್ನೊಂದ್ ಮೈಕ್ ತರ್ರೆಪಾ’ ಎಂದರು, ನಗು ಬಂತು. ಕಾಕಾನ ಕಡೆ ಆಕೆ ಕೈ ತೋರಿಸಿದಳು ಎಂದು ನನ್ನ ನೆನಪು. ಕಾಕಾ ನೆಲ ನೋಡುತ್ತಿದ್ದ.

‘ಇನ್ನ ಮ್ಯಾಲೆ ಆಕಿನ್ನ ಈ ಭಾಗಕ್ಕ ಕಳಸಬ್ಯಾಡೋ’ ಎಂದು ಹಿರಿಯರು ಪರದೆಯವನಿಗೆ ಹೇಳಿದರು. ಅವನು ‘ಆತ್ರಿ’ ಎಂದು ಸುತ್ತುವುದನ್ನು ಮುಂದುವರಿಸಿದ. ಬಸ್ಸು ಬಂತು. ಟ್ರಂಕನ್ನು ಯಾರೂ ಎತ್ತಿಕೊಡಲಿಲ್ಲ.

ಆ ಜೂನ್‌ನಲ್ಲಿ ಕಾಕಾ ‘ಈ ವರ್ಸ ಒಂದ’ ಎನ್ನಲಿಲ್ಲ. ‘ಹುಡುಗಿ ಶಾಣ್ಯಾ ಅದಾಳ, ಎಲ್ಲಿ ಮಟಾ ಓದತಾಳ ಓದಲಿ’ ಎಂದ. ಅವ್ವ ಅವನ ಕಾಲಿಗೆ ನಮಸ್ಕಾರ ಮಾಡಿಸಿದಳು. ‘ಅಕ್ಕಾರು’ ಎಂಬ ಆ ಒಂದು ಪದದಿಂದ ನನ್ನ ಓದು ಉಳಿಯಿತು, ಆಕೆಯ ಬದುಕು ಹೋಯಿತು. ಇದನ್ನು ಕಷ್ಟದ ದಿನಗಳ ಪಟ್ಟಿಯಲ್ಲಿ ಎಲ್ಲಿ ಬರೆದುಕೊಳ್ಳುತ್ತೀರಿ?

ಮುಂದಿನದು ಕಾರ್ಯಕ್ರಮದವರಿಗೆ ಹಿಡಿಸಿದ ಭಾಗ, ಬೇಗ ಹೇಳಿಬಿಡುತ್ತೇನೆ. ಕೊಪ್ಪಳದಲ್ಲಿ ಬಿ.ಎ., ಧಾರವಾಡದಲ್ಲಿ ಎಂ.ಎ., ಆಮೇಲೆ ಬೆಂಗಳೂರು. ಕನ್ನಡ ಬಾರದ ಧಾರಾವಾಹಿ ನಾಯಕಿಯರಿಗೆ ಧ್ವನಿ ಕೊಡುವ ಕೆಲಸ ಸಿಕ್ಕಿತು. ಗಾಜಿನ ಕೋಣೆ, ಮೈಕು, ಪರದೆಯ ಮೇಲೆ ಬೇರೊಬ್ಬಳ ತುಟಿ. ಮೊದಲ ದಿನವೇ ಆ ಕೋಣೆಯ ಕುರ್ಚಿಯನ್ನು ಗೋಡೆಗೆ ಸರಿಸಿದೆ. ಆರು ವರ್ಷ ಅಲ್ಲಿ ಮಾತಾಡಿದೆ, ಒಂದು ದಿನವೂ ಕೂರಲಿಲ್ಲ. ಒಮ್ಮೆ ನಟಿಯೊಬ್ಬಳು ಧಾರಾವಾಹಿಯನ್ನು ನಡುವೆಯೇ ಬಿಟ್ಟಳು. ‘ಧ್ವನಿ ಇದೆಯಲ್ಲ, ಮುಖವೂ ಇರಲಿ’ ಎಂದು ನಿರ್ದೇಶಕರು ನನ್ನನ್ನೇ ನಿಲ್ಲಿಸಿದರು. ಈಗ ನಾನು ಸಂಜೆ ಏಳರ ಹಿರಿಯ ಸೊಸೆ. ಕೊಪ್ಪಳದ ಪೇಟೆಯಲ್ಲಿ ಹೆಂಗಸರು ಕೈ ಹಿಡಿದು ‘ಆ ಅತ್ತೀಗೆ ಎದುರು ಮಾತಾಡ್ರಿ ನೀವು, ಸುಮ್ಮನಿರಬ್ಯಾಡ್ರಿ’ ಎನ್ನುತ್ತಾರೆ.

ನಾನು ತೆರೆಯ ಮೇಲೆ ಬಂದ ಹೊಸದರಲ್ಲಿ ಕಾಕಾ ನಾಲ್ಕು ವರ್ಷ ಮಾತು ಬಿಟ್ಟ. ಬಣ್ಣ ಹಚ್ಚುವ ಹೆಣ್ಣು ತನ್ನ ಪಾಲಿಗೆ ಸತ್ತಳು ಎಂದನಂತೆ. ಪ್ರತಿ ಉಗಾದಿಗೂ ಮುಖಕ್ಕೆ ಗುಲಾಬಿ ಬಣ್ಣ ಬಳಿದುಕೊಂಡ ಮನುಷ್ಯ! ಧಾರಾವಾಹಿ ಹೆಸರು ಮಾಡಿದ ಮೇಲೆ ಸತ್ತವಳು ಎದ್ದೆ. ಅಷ್ಟರಲ್ಲಿ ಅವನು ಕುಷ್ಟಗಿಗೆ ಬಂದು ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ. ಅಂಗಡಿಯ ಮುಂದೆ ಫ್ಲೆಕ್ಸ್ ಹಾಕಿಸಿದ. ಅದರಲ್ಲಿ ನನ್ನ ಮುಖಕ್ಕಿಂತ ಅವನ ಮುಖ ದೊಡ್ಡದು.

ಕಾರ್ಯಕ್ರಮದಲ್ಲಿ ನನಗೆ ಹೇಳದೆ ಅವನನ್ನು ಕರೆಸಿದ್ದರು. ಚಿತ್ರ ಮುಗಿದು ದೀಪ ಹತ್ತಿದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕಾಕಾ ನಡೆದು ಬಂದ. ನಿರೂಪಕಿ ಅವನ ಕೈಗೆ ಮೈಕು ಕೊಟ್ಟಳು.

‘ಇಕಿ ಕೈಯಾಗ ಮೊದಲನೇ ಸಲ ಮೈಕ್ ಕೊಟ್ಟಾವ ನಾನರೀ’ ಎಂದ ಕಾಕಾ. ‘ನಾಟಕದ ಪಾತ್ರದಾಕಿ ದನಿ ಹೋಗಿತ್ರಿ. ಊರ ಮಂದಿ ಏನಂತಾರ ಅಂತ ನಾ ನೋಡಲಿಲ್ಲ. ತಗೋ ಮಗಳ, ಮಾತಾಡು ಅಂದೆ. ಅವತ್ತ ಮಾತಾಡಿದಾಕಿ ಇವತ್ತಿನ ತನಕ ನಿಲ್ಲಿಸಿಲ್ರಿ.’

ಚಪ್ಪಾಳೆ. ನನ್ನ ಕಣ್ಣಲ್ಲಿ ನೀರು ಬಂತು. ಕ್ಯಾಮೆರಾ ಹತ್ತಿರ ಬಂತು. ಸಿಟ್ಟಿಗೆ ಬರುವ ನೀರಿಗೂ ಕೃತಜ್ಞತೆಗೆ ಬರುವ ನೀರಿಗೂ ತೆರೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ನನ್ನ ಹೊಟ್ಟೆಪಾಡೇ ಅದು, ನನಗೆ ಗೊತ್ತಿರಬೇಕಿತ್ತು. ಕೊಳಲಿನ ಸಂಗೀತ ಹಾಕಿ ಆ ನೀರನ್ನು ಮೂರು ಸಲ ತೋರಿಸಿದರು. ನಾನು ಏನು ಮಾಡಿದೆ? ಬಗ್ಗಿ ಕಾಕಾನ ಕಾಲು ಮುಟ್ಟಿದೆ. ಗುಡಿಕಟ್ಟೆಯ ಮುಂದೆ ಹೇಳಿದ ಸುಳ್ಳಿಗೆ ಕಡೆಪಕ್ಷ ವಯಸ್ಸಿನ ನೆವವಿತ್ತು. ಇದಕ್ಕೆ ಏನಿದೆ?

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ನನ್ನ ನೆನಪನ್ನೇ ಅನುಮಾನಿಸಿದ್ದೆ. ಮೈಕು ಕೊಟ್ಟವಳು ಅಕ್ಕಾರಳೇ ಇರಬಹುದೇ, ಸುಳ್ಳಲ್ಲದ್ದನ್ನು ಸುಳ್ಳೆಂದುಕೊಂಡು ಸುಮ್ಮನೆ ಕೊರಗುತ್ತಿದ್ದೇನೆಯೇ ಎಂದು ಡೈರಿಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಅಂದು ತಪ್ಪಾಗಿದ್ದದ್ದು ಇಂದು ಹೆಮ್ಮೆಯಾದ ಕೂಡಲೇ ಕಾಕಾ ನಾಡಿನೆದುರು ಅದನ್ನು ತನ್ನದೆಂದು ಒಪ್ಪಿಕೊಂಡ. ಒಪ್ಪಿಕೊಳ್ಳುತ್ತಿದ್ದೇನೆ ಎಂಬುದೂ ಅವನಿಗೆ ತಿಳಿದಂತಿರಲಿಲ್ಲ.

ಬಿಡುವು ಸಿಕ್ಕ ಮೊದಲ ವಾರ ಗಂಗಾವತಿಗೆ ಹೋದೆ. ಪರದೆಯವನು ಈಗ ಮದುವೆ ಶಾಮಿಯಾನ ಹಾಕುತ್ತಾನೆ, ಅವನೇ ಓಣಿ ಹೇಳಿದ. ಅಕ್ಕಾರ ಇರಲಿಲ್ಲ, ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳಿದ್ದಳು, ನನ್ನದೇ ವಯಸ್ಸು, ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತಿದ್ದಳು. ನನ್ನನ್ನು ಗುರುತಿಸಿ ಮಿಷಿನ್ ನಿಲ್ಲಿಸಿದಳು, ಆದರೆ ಏಳಲಿಲ್ಲ.

‘ಯಲಬುರ್ಗಾ ಕಡೆ ಕರೆಯೂದು ಬಿಟ್ರು. ಆಮ್ಯಾಲೆ ಕುಷ್ಟಗಿ ಕಡೆನೂ ಬಿಟ್ರು. ಊರಾಗಿನ ಹುಡುಗ್ಯಾರನ್ನ ಕೆಡಸ್ತಾಳ ಅಂತ ಹೆಸರು ಬಂದಿತ್ರಿ. ಭತ್ತ ನಾಟಿಗೆ ಹೋಗಾಕ ಹತ್ತಿದಳು. ನಾಟಿ ಮಾಡೂ ಮುಂದ ಹಾಡು ಹೇಳ್ತಿದ್ಲಂತ, ಅದಕ್ಕ ಎಲ್ಲಾರೂ ತಮ್ಮ ಗುಂಪಿಗೆ ಕರೀತಿದ್ರು.’

‘ನನ್ನ ಸೀರಿಯಲ್ ನೋಡ್ತಿದ್ರೇನು?’ ಎಂದು ಕೇಳಿದೆ. ಯಾಕೆ ಕೇಳಿದೆನೋ. ಹೌದೆಂದರೆ ಮನಸ್ಸು ಹಗುರಾಗಬಹುದು ಎಂಬ ಆಸೆ ಇದ್ದೀತು.

‘ಇಲ್ರಿ. ನೀವು ಬಂದ್ರ ಚಾನೆಲ್ ಬದಲ್ ಮಾಡ್ತಿದ್ಲು. ಅದಕ್ಕೂ ಮೊದಲ ಯಾವಾಕೋ ಪರ ಊರಿನ ಹಿರೋಯಿನ್ ಬರ್ತಿದ್ಲಲ್ಲ, ಆಕಿ ಮಾತಾಡಿದ್ರೂ ಬದಲ್ ಮಾಡ್ತಿದ್ಲು. ಯಾಕಬೇ, ಛಲೋ ಐತಿ ಅಂದ್ರ ಏನೂ ಹೇಳ್ತಿರಲಿಲ್ಲ.’

ಆ ಪರ ಊರಿನ ನಾಯಕಿಗೆ ಧ್ವನಿ ಕೊಟ್ಟವಳು ನಾನು. ನನ್ನ ಹೆಸರೂ ಮುಖವೂ ಯಾರಿಗೂ ಗೊತ್ತಿರದ ದಿನಗಳಲ್ಲಿ ನನ್ನನ್ನು ಗುರುತು ಹಿಡಿದದ್ದು ಆಕೆಯೊಬ್ಬಳೇ. ನಡೆದದ್ದನ್ನೆಲ್ಲ ಮಗಳಿಗೆ ಹೇಳಿದೆ. ‘ಮದುವಿ ಬ್ಲೌಸ್ ಐತ್ರಿ, ಸಂಜಿಗೆ ಕೊಡಬೇಕು’ ಎಂದು ಮಿಷಿನ್ ತುಳಿಯತೊಡಗಿದಳು. ಅಷ್ಟು ಹೊತ್ತೂ ನಾನು ನಿಂತೇ ಇದ್ದೆ. ಕೂರಿ ಎಂದು ಅವಳು ಹೇಳಲಿಲ್ಲ, ಅದು ಸರಿಯೇ.

ಅಲ್ಲಿಂದ ಸೀದಾ ಕುಷ್ಟಗಿಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಧಾರಾವಾಹಿಯ ಸೊಸೆಗೆ ಯಾರೂ ಬರೆದುಕೊಡದಂಥ ಬೈಗುಳ. ಕಾಕಾ ಅಂಗಡಿಯ ಹಿಂದಿನ ಮನೆಯಲ್ಲಿ ಉಣ್ಣುತ್ತ ಕೂತಿದ್ದ. ಮುದುಕನಾಗಿದ್ದಾನೆ, ರೊಟ್ಟಿಯನ್ನು ಹಾಲಲ್ಲಿ ಮುರಿದುಕೊಂಡು ತಿನ್ನುತ್ತಾನೆ. ಅವ್ವ ಈಗಲೂ ಅವನ ಮನೆಯಲ್ಲೇ ಇದ್ದಾಳೆ. ಬೆಂಗಳೂರಿಗೆ ಬಾ ಎಂದರೆ ಬರುವುದಿಲ್ಲ.

‘ಬಾ ಮಗಳ, ಕೂಡು. ಏನ ಹಂಗ ನಿಂತಿ?’ ಎಂದ ಕಾಕಾ.

ನಾನು ಕೂರಲಿಲ್ಲ. ಗಂಗಾವತಿಯಲ್ಲಿ ಕೇಳಿದ್ದನ್ನು ಹೇಳಿದೆ. ಅವನು ತುತ್ತು ನಿಲ್ಲಿಸಿದ. ಅವ್ವ ಹಾಲಿನ ಪಾತ್ರೆ ಹಿಡಿದವಳು ಹಿಡಿದಂತೆಯೇ ನಿಂತಳು. ಜೋಡಿಸಿಕೊಂಡಿದ್ದ ಬೈಗುಳದಲ್ಲಿ ಒಂದೂ ಬಾಯಿಗೆ ಬರಲಿಲ್ಲ, ಏಕೆಂದರೆ ಮೊದಲು ಗೊತ್ತಾಗಬೇಕಾದದ್ದು ಬೇರೆಯೇ ಇತ್ತು. ಹಿರಿಯರು ಕೂತ ಆ ಬೆಳಿಗ್ಗೆ ಗುಡಿಗೆ ಹೋಗುವ ದಾರಿಯಲ್ಲಿ ಕಾಕಾ ನನ್ನ ತೋಳು ಹಿಡಿದು ಏನೋ ಅಂದ ಎಂದು ಒಮ್ಮೊಮ್ಮೆ ನೆನಪಾಗುತ್ತದೆ. ಮತ್ತೊಮ್ಮೆ ಆ ದಾರಿಯಲ್ಲಿ ನಾನು ಒಬ್ಬಳೇ ನಡೆಯುತ್ತಿರುತ್ತೇನೆ. ಡೈರಿಯಲ್ಲಿ ಎರಡನ್ನೂ ಬರೆದಿದ್ದೇನೆ, ಎರಡನ್ನೂ ಹೊಡೆದು ಹಾಕಿದ್ದೇನೆ. ಈ ಸಿಟ್ಟೆಲ್ಲ ಅವನಿಗೆ ಸೇರಬೇಕಾದದ್ದೋ, ಅರ್ಧ ನನ್ನ ಬಳಿಯೇ ಉಳಿಯಬೇಕಾದದ್ದೋ ಹೇಳಬಲ್ಲವನು ಈಗ ಅವನೊಬ್ಬನೇ.

ಇದಾಗಿ ಏಳು ತಿಂಗಳಾಯಿತು. ಅದಾದ ಮೇಲೆ ಎರಡು ಸಲ ಹೋಗಿ ಬಂದೆ. ಎರಡು ಸಲವೂ ಅವನು ಮಳೆಯ ಮಾತಾಡಿದ, ಬೀಜದ ಮಾತಾಡಿದ, ಫ್ಲೆಕ್ಸ್ ಹರಿದಿದೆ ಎಂದ. ಅವತ್ತು ನಿಂತುಕೊಂಡೇ ನಾನು ಕೇಳಿದ್ದು ಇಷ್ಟೇ:

‘ಕಾಕಾ, ಅಕ್ಕಾರ ಹೆಸರು ಹೇಳು ಅಂತ ಅವತ್ತ ನೀ ನನಗ ಹೇಳಿಕೊಟ್ಟಿದ್ಯೇನು, ಇಲ್ಲಾ ನಾನ ಹೇಳಿದ್ನೇನು?’